ಕೈ ಬಿಟ್ಟರೂ ಕತ್ತು ಬಾಗದ ಬೇಸ್ ಗಿಟಾರ್

ಹ್ಯಾಂಡ್‌ಪೋಸ್ಟ್‌ ಅನ್ನುವ ಊರಿನ ಒಂದು ಛತ್ರದಲ್ಲಿ ಆರತಕ್ಷತೆ. ಆಷಾಢಕ್ಕೆ ಮುಂಚಿನ ಕೊನೆಯ ಲಗ್ನ ಅದು. ನಮ್ಮ ಆರ್ಕೆಸ್ಟ್ರಾ ನಾಲ್ಕನೇ ಹಾಡಿನಲ್ಲಿತ್ತು, ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಚರಣಕ್ಕೆ ಹೋಗುವಾಗ ಎಡಗೈಯ ಉಂಗುರ ಬೆರಳಿನಿಂದ ಮೂರನೇ ತಂತಿಯನ್ನು ಒತ್ತಬೇಕು. ಒತ್ತಿದೆನೋ ಇಲ್ಲವೋ ತಿಳಿಯಲಿಲ್ಲ. ಬೆರಳು ಎಲ್ಲಿದೆ ಅಂತ ಬಗ್ಗಿ ಕಣ್ಣಿನಲ್ಲಿ ನೋಡಬೇಕಾಯಿತು. ತಂತಿಯ ಮೇಲೇ ಇತ್ತು. ಆದರೆ ಅದು ಬೇರೆ ಯಾರದೋ ಬೆರಳನ್ನು ತಂದು ಅಲ್ಲಿಟ್ಟ ಹಾಗಿತ್ತು.

ಎರಡು ಸ್ವರ ತಪ್ಪಿತು. ಊಟಕ್ಕೆ ಹೋಗುತ್ತಿದ್ದ ಜನಕ್ಕೆ ಅದು ಗೊತ್ತಾಗಲಿಲ್ಲ. ಬೇಸ್ ಗಿಟಾರಿನ ಹಣೆಬರಹವೇ ಹಾಗೆ. ಇದ್ದಾಗ ಯಾರೂ ಕೇಳಿಸಿಕೊಳ್ಳುವುದಿಲ್ಲ, ನಿಂತರೆ ಮಾತ್ರ ಹಾಡು ಕಾಲು ಮುರಿದ ಮಂಚದ ಹಾಗೆ ಒಂದು ಕಡೆಗೆ ವಾಲುತ್ತದೆ. ಕೀಬೋರ್ಡಿನ ಮುಂದೆ ಕೂತಿದ್ದ ಮೇಷ್ಟ್ರು ಮಾತ್ರ ಒಂದು ಸಲ ತಲೆ ತಿರುಗಿಸಿ ನನ್ನ ಕಡೆ ನೋಡಿದರು.

ಮೇಷ್ಟ್ರು ಅಂದರೆ ನಮ್ಮ ಆರ್ಕೆಸ್ಟ್ರಾ ಪಾರ್ಟಿಯ ಯಜಮಾನರು. ಹುಣಸೂರಿನವರು. ಸಂಗೀತ ಕಲಿಸುತ್ತಿದ್ದುದರಿಂದ ಎಲ್ಲರಿಗೂ ಮೇಷ್ಟ್ರು. ಆ ವರ್ಷ ಅವರು ಹೊಸ ಕೀಬೋರ್ಡು ತಂದಿದ್ದರು. ಅದರ ಎಡಭಾಗದ ಕೀಗಳಿಗೆ ಬೇಸ್ ಗಿಟಾರಿನ ದನಿಯನ್ನೇ ಕೊಡಬಹುದಿತ್ತು. ಬಲಗೈಯಲ್ಲಿ ಹಾಡು, ಎಡಗೈಯಲ್ಲಿ ಬೇಸ್. ಪಿರಿಯಾಪಟ್ಟಣದ ಒಂದು ಪಾರ್ಟಿಯವರು ಹೀಗೆ ಮಾಡಿ ತಮ್ಮ ಬೇಸ್‌ನವನನ್ನು ಆಗಲೇ ಬಿಟ್ಟಿದ್ದರು. ಅವನು ಆಮೇಲೆ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆದ. ನನಗೆ ನಿದ್ದೆ ಕೆಡಿಸುತ್ತಿದ್ದುದು ಅವನ ಮುಖವೇ.

ಜೋಮು ಹಿಡಿಯಲು ಶುರುವಾಗಿ ಮೂರು ತಿಂಗಳಾಗಿತ್ತು. ಮೊದಲು ಕಿರುಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಆಮೇಲೆ ಉಂಗುರ ಬೆರಳು. ಆಮೇಲೆ ಮೊಣಕೈವರೆಗೆ. ಹೆಂಡತಿಗೂ ಹೇಳಿರಲಿಲ್ಲ. ಹ್ಯಾಂಡ್‌ಪೋಸ್ಟ್‌ನಿಂದ ಬಂದ ಮಾರನೇ ದಿನ ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಎಡಭುಜದ ಮೇಲೆ ಬೆರಳಿಟ್ಟು ಒತ್ತಿದರು. ಗಿಟಾರಿನ ಪಟ್ಟಿ ಕೂರುವ ಜಾಗಕ್ಕೇ ಸರಿಯಾಗಿ ಒತ್ತಿದರು. ಜೀವ ಹೋದ ಹಾಗಾಯಿತು. ಅಲ್ಲಿ ನರ ಅಮುಕುತ್ತಿದೆ, ಭಾರ ಹೊರುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಕೈ ಸೊರಗುತ್ತಾ ಹೋಗುತ್ತದೆ ಅಂದರು. ಎಷ್ಟು ಕೆಜಿ ಇದೆ ಆ ಗಿಟಾರು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆರು ವರ್ಷ ಹೊತ್ತಿದ್ದೆ, ತೂಗಿರಲಿಲ್ಲ.

ನಮ್ಮದು ಹೊಗೆಸೊಪ್ಪಿನ ಊರು. ಪ್ರತಿ ಮನೆಯಲ್ಲೂ ಒಂದು ಕೊಕ್ಕೆ ತಕ್ಕಡಿ ಇರುತ್ತದೆ. ಮೇಲಿನ ಉಂಗುರವನ್ನು ತೊಲೆಗೆ ನೇತುಹಾಕಿ, ಕೆಳಗಿನ ಕೊಕ್ಕೆಗೆ ಸೊಪ್ಪಿನ ಹೊರೆ ಸಿಕ್ಕಿಸಿದರೆ ಮುಳ್ಳು ತೂಕ ತೋರಿಸುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಪಾರ್ಟಿಯ ಬೇಸ್ ಗಿಟಾರನ್ನು ಅದಕ್ಕೆ ಸಿಕ್ಕಿಸಿದೆ. ಐದು ಕೆಜಿ ಇನ್ನೂರು. ಅದನ್ನು ಎರಡು ಬೆರಳಗಲದ ರೆಕ್ಸಿನ್ ಪಟ್ಟಿಯಲ್ಲಿ, ಒಂದೇ ಭುಜದ ಮೇಲೆ, ಮೂರು ಮೂರೂವರೆ ಗಂಟೆ ಹೊತ್ತು ನಿಲ್ಲುತ್ತಿದ್ದೆ.

ಆಷಾಢದಲ್ಲಿ ಲಗ್ನ ಇಲ್ಲ. ಶ್ರಾವಣದ ಮೊದಲ ವಾರಕ್ಕೆ ಬೀಚನಹಳ್ಳಿಯಲ್ಲಿ ಒಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೆವು. ಅದರ ಹಿಂದೆಯೇ ಗಣೇಶನ ಹಬ್ಬದ ಸಾಲು. ನನಗೆ ಇದ್ದ ಅವಕಾಶ ಆ ಒಂದು ತಿಂಗಳು. ಅಷ್ಟರಲ್ಲಿ ಹಗುರವಾದ, ದನಿ ಕೆಡದ ಬೇಸ್ ಗಿಟಾರ್ ಒಂದನ್ನು ಹುಡುಕಬೇಕು. ಕೈ ವಿಷಯ ಮೇಷ್ಟ್ರಿಗೆ ಗೊತ್ತಾಗಬಾರದು.

ಕೊಕ್ಕೆ ತಕ್ಕಡಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಮೈಸೂರಿನ ಬಸ್ಸು ಹತ್ತಿದೆ. ಅಲ್ಲಿ ಹಳೇ ವಾದ್ಯ ರಿಪೇರಿ ಮಾಡಿ ಮಾರುವ ಒಬ್ಬರು ವಯಸ್ಸಾದವರಿದ್ದರು. ತಕ್ಕಡಿ ನೋಡಿ ಕನ್ನಡಕ ಮೇಲೆತ್ತಿದರು. "ಇದೇನಪ್ಪಾ, ತಂಬೂರೀನ ಕೆಜಿ ಲೆಕ್ಕದಲ್ಲಿ ತಗೊಂಡೋಗಾಕೆ ಬಂದಿದ್ದೀಯಾ?" ಅಂದರು. ನಾನು ನಗಲಿಲ್ಲ. ಅವರ ಬಾಗಿಲ ಚೌಕಟ್ಟಿನ ಮೊಳೆಗೆ ತಕ್ಕಡಿ ನೇತುಹಾಕಿ, ಇದ್ದ ಮೂರು ಬೇಸ್ ಗಿಟಾರುಗಳನ್ನೂ ತೂಗಿದೆ. ಕಪ್ಪು ಬಣ್ಣದ್ದು ನಾಲ್ಕು ಕೆಜಿ ಆರುನೂರು. ಕಂದು ಬಣ್ಣದ್ದು ನಾಲ್ಕಕ್ಕೆ ನೂರು ಜಾಸ್ತಿ. ಕೆಂಪು ಬಣ್ಣದ ಸಣ್ಣ ಮೈಯದು ಮೂರು ಕೆಜಿ ಇನ್ನೂರು.

ಮೂರು ಇನ್ನೂರು ಅಂತ ಮುಳ್ಳು ನಿಂತದ್ದು ಕಂಡು ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಹೊಗೆಸೊಪ್ಪು ಬೆಳೆಯುವವರ ಬುದ್ಧಿ ಇದು. ವರ್ಷದ ದುಡಿಮೆಯೆಲ್ಲ ಕಡೆಗೆ ತಕ್ಕಡಿಯ ಮುಂದೆ ಬಂದು ನಿಲ್ಲುವುದರಿಂದ, ಮುಳ್ಳು ಹೇಳಿದ್ದೇ ಸತ್ಯ ಅಂತ ನಂಬಿಬಿಡುತ್ತೇವೆ. ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು ಎರಡು ಹಾಡು ನುಡಿಸಿ ನೋಡಿದೆ. ದನಿ ಪರವಾಗಿಲ್ಲ ಅನ್ನಿಸಿತು. ಎದ್ದು ನಿಂತು ನೋಡು ಅಂತ ಅಂಗಡಿಯವರು ಹೇಳಿದ್ದರು. ಬಸ್ಸಿಗೆ ಹೊತ್ತಾಯಿತು ಅಂತ ದುಡ್ಡು ಕೊಟ್ಟು ಅದನ್ನೇ ತೆಗೆದುಕೊಂಡೆ. ಆಷಾಢ ಮುಗಿಯುವುದರೊಳಗೆ ತಂದರೆ ಬದಲಾಯಿಸಿ ಕೊಡುವುದಾಗಿ ಅವರೇ ಮಾತು ಕೊಟ್ಟರು.

ಮಾರನೇ ದಿನ ಹಿತ್ತಲಲ್ಲಿ ನಿಂತು ಪಟ್ಟಿ ಹಾಕಿಕೊಂಡೆ. ಹತ್ತಿಯ ಮೂಟೆಯ ಹಾಗೆ ಹಗುರ. ಎಡಗೈ ಬಿಟ್ಟ ತಕ್ಷಣ ಗಿಟಾರಿನ ಕತ್ತು, ಅಂದರೆ ಬೆರಳಿಟ್ಟು ಒತ್ತುವ ಉದ್ದನೆಯ ಭಾಗ, ಸರ್ರನೆ ನೆಲದ ಕಡೆಗೆ ಇಳಿಯಿತು. ಎತ್ತಿದೆ. ಬಿಟ್ಟೆ. ಮತ್ತೆ ಇಳಿಯಿತು. ಅಭ್ಯಾಸ ಆಗುತ್ತದೆ ಅಂದುಕೊಂಡೆ. ಹಗುರ ಅಲ್ಲವಾ, ಅದಕ್ಕೇ ಹೀಗೆ ಅಂತ ಸಮಾಧಾನ ಮಾಡಿಕೊಂಡೆ.

ಭಾನುವಾರ ಮೇಷ್ಟ್ರ ಮನೆಯಲ್ಲಿ ಪ್ರಾಕ್ಟೀಸು. ಕೆಂಪು ಗಿಟಾರು ನೋಡಿ ಹುಬ್ಬೇರಿಸಿದರು. ಹಳೆಯದರ ತಂತಿ ಬಿಗಿಯುವ ಕೀಲಿ ಸಡಿಲವಾಗಿದೆ, ಇದನ್ನು ಟ್ರಯಲ್‌ಗೆ ತಂದಿದ್ದೇನೆ ಅಂತ ಸುಳ್ಳು ಹೇಳಿದೆ. ನಮ್ಮ ಡ್ರಮ್ಮರ್ ನನ್ನ ಹಳೇ ಸ್ನೇಹಿತ, ಕೆ.ಆರ್. ನಗರದವನು, ಬಾಯಿ ಜಾಸ್ತಿ. "ಏನ್ಲಾ ಇದು, ಮಗ ಸ್ಕೂಲ್ ಬ್ಯಾಗ್ ಹಾಕ್ಕೊಂಡಂಗೆ ಕಾಣ್ತಾ ಐತೆ" ಅಂದ. ಎಲ್ಲರೂ ನಕ್ಕರು.

ಎರಡನೇ ಹಾಡಿಗೇ ಕೈ ಹೋಯಿತು. ಹಳೇ ಗಿಟಾರಿನಲ್ಲಿ ಅರ್ಧ ಗಂಟೆಗೆ ಬರುತ್ತಿದ್ದ ಜೋಮು ಇದರಲ್ಲಿ ಹತ್ತೇ ನಿಮಿಷಕ್ಕೆ ಬಂತು. ಸ್ವರ ಒತ್ತುವ ಕೈಯೇ ಕತ್ತನ್ನೂ ಎತ್ತಿ ಹಿಡಿಯಬೇಕಾಗಿತ್ತು. ಪಲ್ಲವಿಗೆ ತಿರುಗುವ ಜಾಗದಲ್ಲಿ ಬೆರಳು ಜಾರಿ ಒಂದು ಆವರ್ತ ಪೂರ್ತಿ ಖಾಲಿ ಹೋಯಿತು. ಖಾಲಿ ಹೋಯಿತು ಅಂತ ನಾನು ಅಂದುಕೊಂಡೆ. ಆದರೆ ಬೇಸ್ ಕೇಳಿಸುತ್ತಲೇ ಇತ್ತು. ತಿರುಗಿ ನೋಡಿದರೆ ಮೇಷ್ಟ್ರ ಎಡಗೈ ಕೀಬೋರ್ಡಿನ ಎಡಭಾಗದ ಮೇಲಿತ್ತು. ನಾನು ಬಿಟ್ಟ ಸ್ವರಗಳನ್ನೆಲ್ಲ ಅವರು ನುಡಿಸಿದ್ದರು. ಒಂದೂ ತಪ್ಪಿರಲಿಲ್ಲ.

ಹಾಡು ಮುಗಿದ ಮೇಲೆ ಡ್ರಮ್ಮರ್ ಕೂಡ ನಗಲಿಲ್ಲ. ಅವನು ನಗದೇ ಇದ್ದದ್ದಕ್ಕೆ ನನಗೆ ಆ ಸಪ್ಲೈಯರ್ ಆದವನ ಮುಖ ನೆನಪಾಯಿತು.

ಆ ವಾರವೇ ಹೊಲದಲ್ಲಿ ಹೊಗೆಸೊಪ್ಪಿನ ಮೊದಲ ಕುಯ್ಲು. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಅಂತ ಕರೆಯುವ ಎತ್ತರದ ಒಣಗಿಸುವ ಮನೆಯೊಳಗೆ, ತೊಲೆಯಿಂದ ತೊಲೆಗೆ ಅಡ್ಡಲಾಗಿ ಪೇರಿಸಬೇಕು. ಆಮೇಲೆ ಕೆಳಗಿನ ತಗಡಿನ ಕೊಳವೆಗಳಿಗೆ ಬೆಂಕಿಯ ಕಾವು ಬಿಡುತ್ತಾರೆ. ಒಂದು ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿ ಉರಿಯುತ್ತದೆ. ನಮ್ಮ ಪಕ್ಕದ ಹೊಲದವರದು ಹಾಗೆ ಉರಿದದ್ದನ್ನು ನೋಡಿದವನು ನಾನು.

ಮೇಲೆ ಹತ್ತಿ ಪೇರಿಸುವುದು ಪ್ರತಿ ವರ್ಷ ನನ್ನ ಕೆಲಸ. ಎರಡು ತೊಲೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತೆ. ನೆಲದಿಂದ ಒಂದಾಳೆತ್ತರ. ಹೆಂಡತಿ ಕೆಳಗಿನಿಂದ ಒಂದೊಂದೇ ಕಡ್ಡಿ ಎತ್ತಿ ಕೊಡುತ್ತಿದ್ದಳು. ಮಧ್ಯಕ್ಕೆ ಹಿಡಿದು ಎಳೆದುಕೊಂಡು ತೊಲೆಯ ಮೇಲೆ ಇಡಬೇಕು. ಅವಳು ಕಟ್ಟಿದ ಕಡ್ಡಿಗಳೆಲ್ಲ ಸಲೀಸಾಗಿ ಬಂದವು. ಆಮೇಲೆ ನಾನೇ ಬೆಳಿಗ್ಗೆ ಕಟ್ಟಿದ್ದ ಒಂದು ಬಂತು. ಎಡಗೈಯಲ್ಲಿ ಹಿಡಿದೆ. ಒಂದು ತುದಿ ಕೆಳಗೆ ಜಗ್ಗಿತು. ಬೆರಳಿಗೆ ಜಗ್ಗಿದ್ದು ಗೊತ್ತಾಗಲಿಲ್ಲ, ಕಣ್ಣಿಗೆ ಕಂಡಿತು. ಅಷ್ಟರಲ್ಲಿ ಕಡ್ಡಿ ಕೈಯಿಂದ ಹೋಗಿತ್ತು. ಅದನ್ನು ಹಿಡಿಯಲು ಬಾಗಿ ನನ್ನ ಕಾಲೂ ಜಾರಿತು. ಬಲಗೈಗೆ ಪಕ್ಕದ ತೊಲೆ ಸಿಕ್ಕಿದ್ದರಿಂದ ಉಳಿದೆ. ಕಡ್ಡಿ ಹೆಂಡತಿಯ ಕಾಲ ಮುಂದೆ ಒಂದು ಗೇಣಿನ ದೂರದಲ್ಲಿ ಬಿದ್ದಿತ್ತು.

ಅವಳು ಕೂಗಲಿಲ್ಲ. ನಾನು ಇಳಿದ ಮೇಲೆ ಕಡ್ಡಿ ಎತ್ತಿಕೊಂಡು, ಅದರ ಮಧ್ಯಕ್ಕೆ ಒಂದೇ ಬೆರಳು ಕೊಟ್ಟು ನಿಲ್ಲಿಸಲು ನೋಡಿದಳು. ಒಂದು ತುದಿ ನೆಲಕ್ಕೆ ಬಾಗಿತು. ಪಕ್ಕದಲ್ಲಿದ್ದ ತನ್ನ ಕಡ್ಡಿಯನ್ನು ಎತ್ತಿ ಹಾಗೇ ಬೆರಳ ಮೇಲಿಟ್ಟಳು. ಅದು ನೆಟ್ಟಗೆ ನಿಂತಿತು.

"ಇಲ್ ನೋಡಿ. ನೀವ್ ಕಟ್ಟಿರೋದ್ರಲ್ಲಿ ಸೊಪ್ಪು ಕಮ್ಮಿ ಅದೆ, ನಂದಕ್ಕಿಂತ ಹಗುರನೇ. ಆದ್ರೆ ಒಂದ್ ತುದಿಗೆ ದಪ್ಪ, ಒಂದ್ ತುದಿಗೆ ತೆಳು. ಸಮ ಇದ್ರೆ ಒಂದ್ ಬೆರಳು ಸಾಕು ಕಣ್ರೀ ಹಿಡಿಯಾಕೆ" ಅಂದಳು. ಆಮೇಲೆ ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿದಳು. "ಕೈಗೆ ಏನಾಗದೆ? ನಂಗೂ ಯೋಳಬಾರದಾ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಮೊದಲು ಮಾಡಿದ ಕೆಲಸ ಅಂದರೆ ತನ್ನ ತಮ್ಮನನ್ನು ಕರೆಸಿ ಬ್ಯಾರನ್ ಹತ್ತಿಸಿದ್ದು. ಮೇಷ್ಟ್ರಿಗೂ ಹೇಳಿಬಿಡಿ ಅಂದಳು. ಅದು ಆಗದ ಮಾತು ಅಂದೆ.

ಮನೆಗೆ ಬಂದಾಗ ಕೆಂಪು ಗಿಟಾರು ಗೋಡೆಯ ಮೊಳೆಯಲ್ಲಿ ಪಟ್ಟಿಯಿಂದ ನೇತಾಡುತ್ತಿತ್ತು. ಕತ್ತು ಕೆಳಗೆ, ಮೈ ಮೇಲೆ. ಎಷ್ಟು ದಿನದಿಂದ ಹಾಗೇ ನೇತಾಡುತ್ತಿತ್ತೋ. ದಿನಾ ನೋಡುತ್ತಿದ್ದೆ, ಕಂಡಿರಲಿಲ್ಲ. ಮೈ ಹಗುರ ಮಾಡಿದ್ದಾರೆ, ಕತ್ತಿನ ತುದಿಯಲ್ಲಿ ನಾಲ್ಕು ಕಬ್ಬಿಣದ ಕೀಲಿಗಳನ್ನು ಹಾಗೇ ಬಿಟ್ಟಿದ್ದಾರೆ. ನಾನು ಕಟ್ಟಿದ ಕಡ್ಡಿಯೂ ಇದೂ ಒಂದೇ. ತಕ್ಕಡಿ ಇದನ್ನು ಹೇಳುವುದಿಲ್ಲ. ಕೊಕ್ಕೆಗೆ ಸಿಕ್ಕಿಸಿದ್ದರ ಯಾವ ತುದಿ ಜಗ್ಗುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ.

ಮತ್ತೆ ಮೈಸೂರಿಗೆ ಹೊರಟೆ. ಈ ಸಲ ತಕ್ಕಡಿ ಮನೆಯಲ್ಲೇ ಬಿಟ್ಟೆ. ಡ್ರಮ್ಮರನ್ನು ಜೊತೆಗೆ ಕರೆದುಕೊಂಡೆ, ದನಿಯ ವಿಷಯದಲ್ಲಿ ಅವನ ಕಿವಿ ನನಗಿಂತ ಚುರುಕು. ಬಸ್ಸಿನಲ್ಲಿ ಅವನಿಗೂ ಕೈ ವಿಷಯ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತಾ, ಪ್ರಾಕ್ಟೀಸಿನ ದಿನವೇ ಅಂದುಕೊಂಡೆ ಅಂದ. ಮೇಷ್ಟ್ರು ಏನಾದರೂ ಕೇಳಿದರಾ ಅಂದದ್ದಕ್ಕೆ ಕಂಡಕ್ಟರಿಂದ ಬರಬೇಕಾದ ಚಿಲ್ಲರೆಯ ಮಾತು ತೆಗೆದ. ಅದನ್ನೇ ಇಟ್ಟುಕೊಂಡು ಮೈಸೂರು ತಲುಪುವವರೆಗೆ ನಾನು ಏನೇನೋ ಯೋಚಿಸಿದೆ.

ಅಂಗಡಿಯವರಿಗೆ ಹೇಳಿದೆ, ಪ್ರತಿಯೊಂದನ್ನೂ ಮುಕ್ಕಾಲು ಗಂಟೆ ನಿಂತು ನೋಡಬೇಕು. ನಿಲ್ಲು, ಇಲ್ಲೇನು ಸಿನಿಮಾ ಕ್ಯೂ ಇಲ್ಲ ಅಂದರು.

ಕಪ್ಪು ಗಿಟಾರು ಇಪ್ಪತ್ತು ನಿಮಿಷಕ್ಕೇ ಭುಜ ಕಡಿಯಿತು. ಕೆಳಗಿಟ್ಟೆ. ಕಂದು ಬಣ್ಣದ್ದನ್ನು ಹಾಕಿಕೊಂಡು ಎರಡೂ ಕೈ ಬಿಟ್ಟೆ. ಕತ್ತು ಸ್ವಲ್ಪ ಅಲುಗಿತು, ನಿಂತಿತು. ಮೇಲೆತ್ತಿ ಬಿಟ್ಟೆ. ಅಲ್ಲೇ ನಿಂತಿತು. ಕೆಳಗೆ ತಂದು ಬಿಟ್ಟೆ. ಅಲ್ಲೂ ನಿಂತಿತು. ಅಂಗಡಿಯವರು ಕಾರಣ ತೋರಿಸಿದರು. ಗಿಟಾರಿನ ಮೈಗೆ ಮೇಲ್ಗಡೆ ಒಂದು ಕೊಂಬಿನ ಹಾಗೆ ಚಾಚು ಇರುತ್ತದೆ, ಪಟ್ಟಿಯ ಒಂದು ತುದಿಯನ್ನು ಅದರ ಗುಬ್ಬಿಗೆ ಸಿಕ್ಕಿಸುವುದು. ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ತಂತಿಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಕಂದು ಗಿಟಾರಿನ ಕೊಂಬು ಉದ್ದವಾಗಿ ಹನ್ನೆರಡನೇ ಫ್ರೆಟ್ಟಿನ ನೇರಕ್ಕೆ ಬಂದಿತ್ತು. ಕೆಂಪಿನದರ ಕೊಂಬು ಮೋಟು, ಮೂರು ಫ್ರೆಟ್ ಹಿಂದೆಯೇ ನಿಂತಿತ್ತು. ತೂಗುಹಾಕುವ ಜಾಗ ಹಿಂದೆ ಹೋದಷ್ಟೂ ಕತ್ತು ಮುಂದಕ್ಕೆ ಬೀಳುತ್ತದೆ.

ಆಮೇಲೆ ದನಿ. ಮೊದಲು ಕರೆಂಟು ಕೊಡದೆ ನುಡಿಸಿದೆ. ಬೆನ್ನಿನ ಮರ ಹೊಟ್ಟೆಗೆ ಒತ್ತಿಕೊಂಡಿರುವಾಗ ದಪ್ಪ ತಂತಿ ಮೀಟಿದರೆ ಅದರ ನಡುಕ ಹೊಟ್ಟೆಯೊಳಗೆ ಬರಬೇಕು. ಬಂತು. ಆಮೇಲೆ ಆಂಪ್ಲಿಫೈಯರಿನ ತಿರುಗುಗುಬ್ಬಿಗಳನ್ನೆಲ್ಲ ಮಧ್ಯಕ್ಕಿಟ್ಟು, ನಾಲ್ಕು ತಂತಿಯ ಪ್ರತಿ ಫ್ರೆಟ್ಟಿನ ಸ್ವರವನ್ನೂ ಎಂಟು ಎಣಿಸುವವರೆಗೆ ಹಿಡಿದೆ. ಕೆಲವು ಗಿಟಾರುಗಳಲ್ಲಿ ಒಂದೆರಡು ಜಾಗದಲ್ಲಿ ಸ್ವರ ಮೂರು ಎಣಿಸುವಷ್ಟರಲ್ಲಿ ಸತ್ತುಹೋಗುತ್ತದೆ. ಕೆಂಪಿನದು ತೆಳು ತಂತಿಯ ಐದನೇ ಫ್ರೆಟ್ಟಿನಲ್ಲಿ ಹಾಗೆ ಸಾಯುತ್ತಿತ್ತು. ಅವಸರದಲ್ಲಿ ಅದನ್ನೂ ನೋಡಿರಲಿಲ್ಲ. ಕಂದು ಗಿಟಾರಿನಲ್ಲಿ ಏಳನೇ ಫ್ರೆಟ್ಟಿನ ಹತ್ತಿರ ಸ್ವಲ್ಪ ಸೊರಗಿದರೂ ಉಸಿರು ಬಿಡಲಿಲ್ಲ. ಡ್ರಮ್ಮರ್ ಮೇಜಿನ ಮೇಲೆ ತಾಳ ಹಾಕುತ್ತಾ ಕಣ್ಣು ಮುಚ್ಚಿಕೊಂಡು ಕೇಳಿದ. "ಇದಾಗ್ಲಿ ಕಣ್ಲಾ. ನನ್ ಏಟು ಎಲ್ ಬೀಳ್ತದೋ ಇದೂ ಅಲ್ಲೇ ಬೀಳ್ತದೆ" ಅಂದ.

ಮುಕ್ಕಾಲು ಗಂಟೆಗೆ ಕಿರುಬೆರಳಲ್ಲಿ ಇರುವೆ ಹರಿಯಲು ಶುರುವಾಯಿತು. ಉಂಗುರ ಬೆರಳು ಚೆನ್ನಾಗಿತ್ತು. ಆದರೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಹಿಂದೆ ಮುಂದೆ ನೋಡಿದೆ. ಕೆಂಪಿನದಕ್ಕಿಂತ ಇದು ಒಂಬೈನೂರು ಗ್ರಾಂ ಜಾಸ್ತಿ. ಭಾರ ಬಿಡು ಅಂದಿದ್ದಾರೆ ಡಾಕ್ಟರು. ತಪ್ಪು ಮಾಡಿದರೆ ಈ ಸಲ ಬದಲಾಯಿಸಲು ಆಷಾಢ ಉಳಿದಿಲ್ಲ. ಒಂದು ಕಡೆ ಮುಳ್ಳು ತೋರಿಸಿದ ತೂಕ, ಇನ್ನೊಂದು ಕಡೆ ಹೆಂಡತಿಯ ಬೆರಳ ಮೇಲೆ ನೆಟ್ಟಗೆ ನಿಂತ ಕಡ್ಡಿ. ಕಡ್ಡಿಯನ್ನು ನಂಬಿದೆ.

ಕಂದು ಗಿಟಾರು ತರುವ ದಾರಿಯಲ್ಲಿ ಹುಣಸೂರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ನಾಲ್ಕು ಬೆರಳಗಲದ ಚರ್ಮದ ಪಟ್ಟಿ ಮಾಡಿಸಿದೆ. ಭುಜದ ಮೇಲೆ ಕೂರುವ ಜಾಗಕ್ಕೆ ಒಳಗೆ ಕಂಬಳಿಯ ತುಂಡು ಇಟ್ಟು ಹೊಲಿದುಕೊಟ್ಟರು. ಭಾರ ಒಂದೇ ಗೆರೆಯಲ್ಲಿ ಕುಯ್ಯುವುದು ತಪ್ಪಿತು.

ಬೀಚನಹಳ್ಳಿಗೆ ಹೊರಡುವ ದಿನ ಮಧ್ಯಾಹ್ನ ಟೆಂಪೋಗೆ ಸ್ಪೀಕರ್ ತುಂಬುತ್ತಿದ್ದೆವು. ಮೇಷ್ಟ್ರು ಒಬ್ಬರೇ ಕೀಬೋರ್ಡಿಗೆ ಚಾದರ ಸುತ್ತುತ್ತಿದ್ದರು. ಹೆಂಡತಿ ಬೆಳಿಗ್ಗೆಯೂ ಒಂದು ಮಾತು ಹೇಳಿ ಕಳಿಸಿದ್ದಳು, ಕೈ ವಿಷಯ ಬಚ್ಚಿಟ್ಟುಕೊಂಡು ವೇದಿಕೆ ಹತ್ತಬೇಡಿ ಅಂತ. ಹೋಗಿ ಎದುರಿಗೆ ನಿಂತೆ. ಕೈಯ ವಿಷಯ, ಡಾಕ್ಟರು ಹೇಳಿದ್ದು, ಕೀಲಿ ಸಡಿಲ ಅಂತ ಹೇಳಿದ ಸುಳ್ಳು, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ಚಾದರದ ಗಂಟು ಬಿಗಿದು ತಲೆ ಎತ್ತಿದರು.

"ಹ್ಯಾಂಡ್‌ಪೋಸ್ಟ್‌ನಲ್ಲೇ ಗೊತ್ತಾಯ್ತು ಕಣಯ್ಯ. ನೀನು ಬೆರಳ ನೋಡ್ಕೊಂಡು ನುಡಿಸೋನಲ್ಲ. ಅವತ್ತು ಬಗ್ಗಿ ನೋಡ್ದೆ."

ಹಾಗಾದರೆ ಪ್ರಾಕ್ಟೀಸಿನ ದಿನ ಎಡಗೈಯಲ್ಲಿ ನುಡಿಸಿದ್ದು ಯಾಕೆ ಅಂತ ಕೇಳಿದೆ.

"ನೀನು ಬಿದ್ರೆ ಹಾಡು ಬೀಳಬಾರದು ಅಂತ ಕೈ ಅಲ್ಲಿ ಮಡಗಿದ್ದೆ" ಅಂದರು. "ಇವತ್ತೂ ಮಡಗಿರ್ತೀನಿ. ಹಿಡ್ಕೊಳೋದು ಒಂದ್ ಸಲ, ಎರಡ್ ಸಲ. ಮೂರ್ನೇ ಸಲ ಬಂದ್ರೆ ನೀನು ಕೂತ್ಕೋಬೇಕಾಗ್ತದೆ. ಇದ ನಾನು ನಗ್ತಾ ಯೋಳ್ತಿಲ್ಲ."

ಟೆಂಪೋದಲ್ಲಿ ಬೀಚನಹಳ್ಳಿಯವರೆಗೂ ನಾನು ಅದನ್ನೇ ಎಣಿಸುತ್ತಿದ್ದೆ. ಒಂದು ಸಲ, ಎರಡು ಸಲ.

ಸಂಜೆ ಬೆಳಕಿರುವಾಗಲೇ ಕಾರ್ಯಕ್ರಮ ಶುರುವಾಯಿತು. ನೀರಾವರಿ ಇಲಾಖೆಯ ಸಿಬ್ಬಂದಿ ಕುಟುಂಬದವರು, ಊರಿನವರು, ಮುಂದೆ ನೆಲದ ಮೇಲೆ ಮಕ್ಕಳು. ವೇದಿಕೆ ಹತ್ತಿದವನೇ ಪಟ್ಟಿ ಹಾಕಿಕೊಂಡು ಎರಡೂ ಕೈ ಬಿಟ್ಟು ನೋಡಿದೆ. ಕತ್ತು ನಿಂತಿತು. ಅರ್ಧ ಗಂಟೆ ಕಳೆಯಿತು. ಹ್ಯಾಂಡ್‌ಪೋಸ್ಟ್‌ನಲ್ಲಿ ಕೈ ಕೊಟ್ಟ ಹೊತ್ತು ಅದು. ಏನೂ ಆಗಲಿಲ್ಲ. ಅದಕ್ಕೆ ಸಮಾಧಾನ ಆಗಬೇಕಿತ್ತು, ಭಯ ಹೆಚ್ಚಾಯಿತು. ಹಾಡುಗಳ ನಡುವೆ ಸಿಗುವ ಪ್ರತಿ ಬಿಡುವಿನಲ್ಲೂ ಎಡಗೈ ಕೆಳಗಿಳಿಸಿ ಕೊಡವಿಕೊಂಡೆ. ಗಿಟಾರು ತಾನೇ ನಿಲ್ಲುತ್ತಿದ್ದುದರಿಂದ ಹಾಗೆ ಕೈ ಇಳಿಸಲು ಸಾಧ್ಯವಾಯಿತು. ಕೆಂಪಿನದರಲ್ಲಿ ಅದೂ ಇರಲಿಲ್ಲ.

ಎರಡು ಗಂಟೆ ದಾಟಿದ ಮೇಲೆ ಕಿರುಬೆರಳು ಹೋಯಿತು. ಕಿರುಬೆರಳಿನ ಸ್ವರಗಳನ್ನು ಉಂಗುರ ಬೆರಳಿಗೆ ಬದಲಾಯಿಸಿಕೊಂಡು ನುಡಿಸಿದೆ. ಮೇಷ್ಟ್ರ ಎಡಗೈ ಕೀಬೋರ್ಡಿನ ಎಡಭಾಗದ ಮೇಲೆ, ಒತ್ತದೆ, ಮುಟ್ಟಿಕೊಂಡೇ ಇತ್ತು. ಕೊನೆಯ ಎರಡು ಹಾಡು ಉಳಿದಿತ್ತು. ಅದರಲ್ಲಿ ಮೊದಲನೆಯದು ಹ್ಯಾಂಡ್‌ಪೋಸ್ಟ್‌ನಲ್ಲಿ ತಪ್ಪಿದ ಹಾಡೇ. ಚರಣ ಹತ್ತಿರ ಬರುತ್ತಿದ್ದ ಹಾಗೆ ನನ್ನ ಕಣ್ಣು ಆ ಕೈಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅದು ಕೀ ಒತ್ತುತ್ತದೆ, ಈಗ ಒತ್ತುತ್ತದೆ ಅಂತ ಕಾದೆ. ಚರಣ ಬಂತು. ಹೋಯಿತು. ಪಲ್ಲವಿ ತಿರುಗಿತು. ಡ್ರಮ್ಮರನ ಏಟು ಬಿದ್ದ ಕಡೆಯೇ ಬೇಸ್ ಬಿತ್ತು.

ಆಗ ಮೇಷ್ಟ್ರು ಎಡಗೈಯನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹಾಡು ಮುಗಿಯುವವರೆಗೆ ಬಲಗೈ ಒಂದರಲ್ಲೇ ನುಡಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಯ ಹಾಡಿಗೆ ಶ್ರುತಿ ನೋಡಿಕೊಳ್ಳುವಾಗ ನೆನಪಾಯಿತು. ಹಿಂದಿನ ಹಾಡಿಡೀ ನಾನು ನನ್ನ ಬೆರಳನ್ನು ಒಂದು ಸಲವೂ ನೋಡಿರಲಿಲ್ಲ.